ಮಾತ್ರೆ ನುಂಗಿಯೂ ದಣಿವೇಕೆ?

ಪ್ರಶ್ನೆ: ನನಗೆ 38 ವರ್ಷ. ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಗಿ ಎರಡು ವರ್ಷವಾಯಿತು. ಬೆಳಿಗ್ಗೆ ಎದ್ದೊಡನೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆಯನ್ನೂ ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಕಾಫಿಯೊಂದಿಗೆ ತಪ್ಪದೆ ನುಂಗುತ್ತೇನೆ. ಎಲೆಕೋಸು, ಹೂಕೋಸುಗಳನ್ನು ಪೂರ್ತಿ ಬಿಟ್ಟಿದ್ದೇನೆ. ಆದರೂ ಎದ್ದಾಗಲೇ ಮೈ ಭಾರ, ಮಧ್ಯಾಹ್ನಕ್ಕೆ ಕೈಕಾಲು ಸೋಲುತ್ತವೆ. ಕಳೆದ ತಿಂಗಳ ಪರೀಕ್ಷೆಯಲ್ಲಿ ಟಿಎಸ್‌ಎಚ್ 9 ಬಂದಿದೆ. ಏನು ತಿಂದರೆ ಈ ಸುಸ್ತು ಕಡಿಮೆಯಾದೀತು?

ಉತ್ತರ: ನೀವು ಬಿಟ್ಟ ತರಕಾರಿಗಳಿಗಿಂತ, ಬಿಡದೆ ಉಳಿಸಿಕೊಂಡಿರುವ ಬೆಳಗಿನ ಕಾಫಿ ಮತ್ತು ಕ್ಯಾಲ್ಸಿಯಂ ಜೋಡಿಯ ಮೇಲೆಯೇ ನನಗೆ ಹೆಚ್ಚು ಅನುಮಾನ. ಥೈರಾಕ್ಸಿನ್ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಹೊಟ್ಟೆ ಖಾಲಿಯಿದ್ದಾಗಲೂ ಅದು ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಜೊತೆಗೆ ಕಾಫಿ ಬಿದ್ದರೆ ಆ ಪ್ರಮಾಣ ಇನ್ನಷ್ಟು ಕುಗ್ಗುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಂತೂ ಕರುಳಿನಲ್ಲೇ ಔಷಧಿಯನ್ನು ಹಿಡಿದಿಟ್ಟುಕೊಂಡು ಅದನ್ನು ಒಳಗೆ ಹೋಗಗೊಡುವುದಿಲ್ಲ. ಹೀಗಾಗಿ ನೀವು ಒಂದು ದಿನವೂ ತಪ್ಪಿಸದೆ ನುಂಗಿದ ಮಾತ್ರೆಯಲ್ಲಿ ಎಷ್ಟು ಪಾಲು ನಿಮಗೆ ದಕ್ಕಿದೆಯೋ ಹೇಳಲಾಗದು. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದಾಗ ಅದು ಏರುತ್ತದೆ. ಸಾಮಾನ್ಯವಾಗಿ ಸುಮಾರು 0.4ರಿಂದ 4ರ ನಡುವೆ ಇರಬೇಕಾದ ಅದು 9ಕ್ಕೆ ಏರಿರುವುದಕ್ಕೆ ಇದೇ ಕಾರಣವಿರಬಹುದು.

ಥೈರಾಕ್ಸಿನ್ ಮಾತ್ರೆಯನ್ನು ಬರೀ ನೀರಿನೊಂದಿಗೆ ನುಂಗಿ, ಕಾಫಿಗಾಗಲಿ ತಿಂಡಿಗಾಗಲಿ ಅರ್ಧದಿಂದ ಒಂದು ಗಂಟೆಯಷ್ಟಾದರೂ ಕಾಯಿರಿ. ಕ್ಯಾಲ್ಸಿಯಂ ಅನ್ನು ನಾಲ್ಕು ಗಂಟೆಯ ನಂತರ, ಉದಾಹರಣೆಗೆ ಮಧ್ಯಾಹ್ನದ ಊಟದ ಹೊತ್ತಿಗೆ ತೆಗೆದುಕೊಳ್ಳಬಹುದು. ಬೆಳಗಿನ ಅವಸರದಲ್ಲಿ ಇದು ಆಗದು ಎನ್ನುವವರು ರಾತ್ರಿ ಊಟ ಮುಗಿದು ಮೂರು ಗಂಟೆಗಳ ಮೇಲೆ, ಮಲಗುವ ಮುನ್ನ ಥೈರಾಕ್ಸಿನ್ ನುಂಗಿದರೂ ಅಡ್ಡಿಯಿಲ್ಲ. ಆದರೆ ಇವತ್ತು ಬೆಳಿಗ್ಗೆ, ನಾಳೆ ರಾತ್ರಿ ಎಂದು ಸಮಯ ಬದಲಿಸುತ್ತಾ ಹೋಗಬಾರದು. ಈ ಬದಲಾವಣೆಯನ್ನು ನಿಮ್ಮ ವೈದ್ಯರಿಗೆ ಮೊದಲೇ ತಿಳಿಸಿ. ಸಮಯವನ್ನು ಸರಿಪಡಿಸಿಕೊಂಡದ್ದು ಗೊತ್ತಿಲ್ಲದೆ ಅವರು ಪ್ರಮಾಣವನ್ನೂ ಏರಿಸಿದರೆ ಔಷಧಿ ಅತಿಯಾಗಿ ಎದೆಬಡಿತ, ಕೈನಡುಕ, ನಿದ್ರಾಹೀನತೆ ಶುರುವಾದೀತು. ಬಹುಕಾಲ ಹಾಗೆಯೇ ಮುಂದುವರಿದರೆ ಮೂಳೆಯೂ ಸವೆಯುತ್ತದೆ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ ಯಾವ ತಿದ್ದುಪಡಿಯ ಫಲವೂ ನಿಧಾನವಾಗಿಯೇ ಕಾಣುತ್ತದೆ. ಆರರಿಂದ ಎಂಟು ವಾರ ಕಳೆದು ಮತ್ತೆ ಪರೀಕ್ಷೆ ಮಾಡಿಸಿ.

ಇನ್ನು ಆಹಾರದ ಮಾತು. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಕಚ್ಚಾವಸ್ತುವೆಂಬುದು ನಿಜ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಯರಿಗೆ ಇನ್ನೂ ಹೆಚ್ಚು ಬೇಕು. ಆದರೆ ಅಯೋಡಿನ್ ಸೇರಿಸಿದ ಉಪ್ಪು ಬಳಸುವ ಕಡೆಗಳಲ್ಲಿ ಈ ಕಾಯಿಲೆಗೆ ಸಾಮಾನ್ಯ ಕಾರಣ ಅಯೋಡಿನ್ ಕೊರತೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೋಟೊ ಕಾಯಿಲೆ ಅದು. ಜಪಾನಿನ ವೈದ್ಯ ಹಕರು ಹಾಶಿಮೋಟೊ 1912ರಲ್ಲಿ ಅದನ್ನು ಮೊದಲು ವಿವರಿಸಿದರು. ಗಿರಣಿಯೇ ಕೆಟ್ಟಿರುವಾಗ ಎಷ್ಟು ಕಾಳು ಸುರಿದರೇನು? ಸಮುದ್ರಪಾಚಿಯ ಗುಳಿಗೆಗಳಂಥ ಅತಿಯಾದ ಅಯೋಡಿನ್‌ನಿಂದ ಇಂಥವರ ಗ್ರಂಥಿ ಇನ್ನಷ್ಟು ಸೋಲಲೂಬಹುದು. ಎಲೆಕೋಸು, ಹೂಕೋಸುಗಳಲ್ಲಿ ಗ್ರಂಥಿಗೆ ಅಡ್ಡಿ ಮಾಡುವ ಅಂಶಗಳಿವೆಯಾದರೂ ಬೇಯಿಸಿದಾಗ ಅವು ಬಹಳಷ್ಟು ಇಳಿಯುತ್ತವೆ. ಹಸಿಯಾಗಿ ರಾಶಿಗಟ್ಟಲೆ ತಿನ್ನುವವರಿಗೆ, ಅದರಲ್ಲೂ ಅಯೋಡಿನ್ ಕೊರತೆಯಿದ್ದವರಿಗೆ ಮಾತ್ರ ಆ ಚಿಂತೆ. ನೀವು ಧಾರಾಳವಾಗಿ ತಿನ್ನಿ. ಸೋಯಾವನ್ನೂ ಬಿಡಬೇಕಿಲ್ಲ, ಮಾತ್ರೆಯ ಹೊತ್ತಿನಿಂದ ದೂರವಿಟ್ಟರಾಯಿತು.

ಪ್ರಶ್ನೆ: ನನಗೆ 52 ವರ್ಷ. ಮಾತ್ರೆಯನ್ನು ಸರಿಯಾದ ಕ್ರಮದಲ್ಲೇ ತೆಗೆದುಕೊಳ್ಳುತ್ತಿದ್ದೇನೆ, ಒಂದು ವರ್ಷದಿಂದ ಟಿಎಸ್‌ಎಚ್ 2ರ ಆಸುಪಾಸಿನಲ್ಲಿದೆ. ಆದರೂ ಹಗಲೆಲ್ಲ ತೂಕಡಿಕೆ. ತೂಕ 12 ಕಿಲೋ ಏರಿದೆ, ಗೊರಕೆಯೂ ಹೆಚ್ಚಾಗಿದೆ. ಹುಮ್ಮಸ್ಸಿನಿಂದ ಒಂದು ದಿನ ಗಂಟೆಗಟ್ಟಲೆ ವ್ಯಾಯಾಮ ಮಾಡಿ ಮೂರು ದಿನ ಮಲಗಿದೆ. ಔಷಧಿ ಹೆಚ್ಚಿಸಬೇಕೇ?

ಉತ್ತರ: ಬೇಡ. ಟಿಎಸ್‌ಎಚ್ ಸ್ಥಿರವಾಗಿ ಸರಿಯಿರುವಾಗ ಉಳಿದಿರುವ ದಣಿವನ್ನು ಥೈರಾಯ್ಡಿನ ಖಾತೆಗೇ ಬರೆಯುತ್ತಾ ಹೋದರೆ ನಿಜವಾದ ಕಾರಣ ಮರೆಯಲ್ಲೇ ಉಳಿಯುತ್ತದೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಸೆಳೆದದ್ದು ಗೊರಕೆ. ನಿದ್ದೆಯಲ್ಲಿ ಉಸಿರಾಟ ಮತ್ತೆ ಮತ್ತೆ ತಡೆಯುವ ಸ್ಲೀಪ್ ಅಪ್ನಿಯ ಇದ್ದವರು ಎಂಟು ಗಂಟೆ ಮಲಗಿದರೂ ದಣಿದೇ ಏಳುತ್ತಾರೆ. ರಾತ್ರಿ ನಿಮ್ಮ ಉಸಿರು ಕಟ್ಟುತ್ತದೆಯೇ ಎಂದು ಮನೆಯವರನ್ನು ಕೇಳಿ, ನಿದ್ರಾ ಪರೀಕ್ಷೆಯ ಬಗ್ಗೆ ವೈದ್ಯರೊಂದಿಗೆ ಚರ್ಚಿಸಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನಿನ ಅಳತೆ), ಬಿ12 ವಿಟಮಿನ್, ರಕ್ತದ ಸಕ್ಕರೆ ನೋಡಿಸುವುದು ಒಳ್ಳೆಯದು. ಹಾಶಿಮೋಟೊ ಇರುವ ಕೆಲವರಲ್ಲಿ ಅದೇ ಬಗೆಯ ದಾಳಿ ಜಠರದ ಮೇಲೂ ನಡೆದು, ಎಷ್ಟೇ ಪೌಷ್ಟಿಕವಾಗಿ ಉಂಡರೂ ಬಿ12 ಮೈಗೆ ಹತ್ತುವುದಿಲ್ಲ.

ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ದೊಡ್ಡ ಪಾಲು ದೇಹ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು. 12 ಕಿಲೋಗಳ ಹೊಣೆಯನ್ನೆಲ್ಲ ಆ ಪುಟ್ಟ ಗ್ರಂಥಿಯ ಮೇಲೆ ಹೊರಿಸುವುದು ಅನ್ಯಾಯ. ವ್ಯಾಯಾಮದಲ್ಲಿ ನೀವು ಎಡವಿದ್ದು ಆರಂಭದಲ್ಲಿ. ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ತೊಡಗಿ, ಮರುದಿನ ಮೈಕೈ ಸೋಲದಿದ್ದರೆ ವಾರಕ್ಕೆ ಐದೇ ನಿಮಿಷ ಏರಿಸಿ. ಆಮೇಲೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಸೇರಿಸಿಕೊಳ್ಳಿ. ಚೆನ್ನಾಗಿರುವ ದಿನವೇ ಎಲ್ಲ ಕೆಲಸವನ್ನೂ ಮುಗಿಸಿಬಿಡುವ ಆಸೆ ದಣಿವಿರುವವರ ದೊಡ್ಡ ಶತ್ರು. ಹಗಲು ನಿದ್ದೆ ಬೇಕೇಬೇಕೆನಿಸಿದರೆ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಅದರ ಕೆಫೀನ್ ರಾತ್ರಿಯವರೆಗೂ ಮೈಯಲ್ಲಿರುತ್ತದೆ.

ಪ್ರಶ್ನೆ: ಸುಸ್ತಿಗೆ ಸೆಲೆನಿಯಂ ಮತ್ತು ಬಯೋಟಿನ್ ಗುಳಿಗೆ ತೆಗೆದುಕೊಳ್ಳಬಹುದೇ?

ಉತ್ತರ: ಥೈರಾಕ್ಸಿನ್ನನ್ನು ಅದರ ಚುರುಕಾದ ರೂಪಕ್ಕೆ ಪರಿವರ್ತಿಸುವ ಕಿಣ್ವಗಳಿಗೆ ಸೆಲೆನಿಯಂ ಬೇಕು, ಸರಿ, ಆದರೆ ಬೇಕಾಗುವುದು ದಿನಕ್ಕೆ 55 ಮೈಕ್ರೋಗ್ರಾಂನಷ್ಟೇ, ಮೊಟ್ಟೆ, ಮೀನು, ಧಾನ್ಯಗಳಿಂದ ಅದು ಸಾಮಾನ್ಯವಾಗಿ ಸಿಗುತ್ತದೆ. ಕೊರತೆಯಿಲ್ಲದವರು ಗುಳಿಗೆಯಾಗಿ ನುಂಗಿದರೆ ಸುಸ್ತು ಹೋಗುತ್ತದೆಂದು ನಾನು ಹೇಳಲಾರೆ, ಅತಿಯಾದರೆ ಕೂದಲು ಉದುರಿ ಉಗುರು ಮುರಿಯುತ್ತದೆ. ಬಿ ಗುಂಪಿನ ವಿಟಮಿನ್ ಆದ ಬಯೋಟಿನ್‌ನ ತೊಂದರೆಯೇ ಬೇರೆ: ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದು ಗ್ರಂಥಿಗೆ ಏನೂ ಮಾಡದೆ ಪ್ರಯೋಗಾಲಯದ ಪರೀಕ್ಷೆಯನ್ನೇ ದಾರಿ ತಪ್ಪಿಸಿ, ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರುವಂತೆ ಮಾಡಬಲ್ಲದು. ಕೂದಲಿಗೆಂದು ಅದನ್ನು ಬಳಸುತ್ತಿರುವವರು ರಕ್ತ ಕೊಡುವ ಎರಡು ದಿನ ಮೊದಲಾದರೂ ನಿಲ್ಲಿಸಿ, ಅದನ್ನು ತೆಗೆದುಕೊಳ್ಳುತ್ತಿದ್ದ ಸಂಗತಿಯನ್ನು ವೈದ್ಯರಿಗೂ ಹೇಳಬೇಕು.