ನೀಟ್ ಸೀಟು ಸಿಗಲಿಲ್ಲ, ಬಿ.ಫಾರ್ಮ್ ಸೇರಲಾ? ಓದಿದವರಿಗೆ ಈಗ ಏನನ್ನಿಸುತ್ತದೆ?

ನಿಮಗೆ ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಮನೆಯಲ್ಲಿ ಬಿ.ಫಾರ್ಮ್ (ಔಷಧಶಾಸ್ತ್ರದ ಪದವಿ) ಸೇರು ಅನ್ನುತ್ತಿದ್ದಾರೆ, ಕೊಡಗಿನಿಂದ ಹೋಗಿ ಓದಿದವರು ಯಾರಾದರೂ ಇದ್ದರೆ ಹೇಳಿ ಎಂದು ಕೇಳಿದ್ದೀರಿ. ನಾನು ಮಡಿಕೇರಿ ತಾಲ್ಲೂಕಿನ ಹಳ್ಳಿಯವಳು. 2017ರಲ್ಲಿ ಮಂಗಳೂರಿನಲ್ಲಿ ಸೇರಿದೆ, 2021ರಲ್ಲಿ ಮುಗಿಸಿದೆ. ಈಗ ಊರಿನ ಹತ್ತಿರದ ಮೆಡಿಕಲ್‌ನಲ್ಲಿ ಕೆಲಸ. ಓದಿದ್ದಕ್ಕೆ ಬೇಸರ ಇಲ್ಲ. ಆದರೆ ನೀಟ್ ಕೈ ಕೊಟ್ಟಿತು ಅನ್ನುವ ಒಂದೇ ಕಾರಣಕ್ಕೆ ದಯವಿಟ್ಟು ಸೇರಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಕ್ಲಾಸಿನಲ್ಲಿ ಅಂಥವರು ತುಂಬ ಜನ ಇದ್ದರು. ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ, ಫಿಸಿಯಾಲಜಿ ಇರುತ್ತದೆ. ಹೃದಯ, ಮೂಳೆ, ರಕ್ತದ ಗುಂಪು ಅಂತ ಓದುವಾಗ ಎಲ್ಲರಿಗೂ ಖುಷಿ. ಆಮೇಲೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಜೋರಾಗುತ್ತದೆ, ಔಷಧಿಗಳ ಭೌತಿಕ ಗುಣ ಓದುವ ಫಿಸಿಕಲ್ ಫಾರ್ಮಸ್ಯೂಟಿಕ್ಸ್ ಬರುತ್ತದೆ. ಆಗ ಮುಖ ಸಪ್ಪೆ. ಕೆಲವರು ಹಾಸ್ಟೆಲ್‌ನಲ್ಲೇ ಕೂತು ಮತ್ತೆ ನೀಟ್‌ಗೆ ಓದಿದರು. ಅದೂ ಆಗಲಿಲ್ಲ, ಇಲ್ಲಿ ಬ್ಯಾಕ್ ಬೇರೆ ಉಳಿಯಿತು. ರಸಾಯನಶಾಸ್ತ್ರ ನಿಜವಾಗಿ ಇಷ್ಟ ಇದ್ದವರು ಮಾತ್ರ ನಾಲ್ಕು ವರ್ಷ ಗೊಣಗದೆ ಓದಿದರು. ಪಿಯುಸಿಯಲ್ಲಿ ಗಣಿತ ಇಲ್ಲದೆ ಬಯಾಲಜಿ ತೆಗೆದುಕೊಂಡು ಬಂದಿದ್ದರೆ ಮೊದಲು ರೆಮಿಡಿಯಲ್ ಮ್ಯಾಥ್ಸ್ ಕೂಡ ಇರುತ್ತದೆ, ತಿಳಿದಿರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲ್ಯಾಬ್. ನಾವೇ ಮಾತ್ರೆ ಒತ್ತುತ್ತಿದ್ದೆವು. ಒತ್ತಿದ ಮಾತ್ರೆಯನ್ನು ಒಂದು ಡಬ್ಬಿಯಂಥ ಯಂತ್ರಕ್ಕೆ ಹಾಕಿ ನಿಮಿಷಕ್ಕೆ 25ರಂತೆ 100 ಸುತ್ತು ತಿರುಗಿಸಬೇಕು. ಪುಡಿ ಉದುರಿ ತೂಕ ನೂರಕ್ಕೆ 1ಕ್ಕಿಂತ ಜಾಸ್ತಿ ಕಮ್ಮಿಯಾದರೆ ಫೇಲ್. ಈಗಲೂ ಸ್ಟ್ರಿಪ್ ಬಿಡಿಸುವಾಗ ಮಾತ್ರೆ ಪುಡಿಯಾದರೆ ಕೈ ಅಲ್ಲೇ ನಿಲ್ಲುತ್ತದೆ.

ಕೆಫೀನ್ ತೆಗೆಯುವ ಪ್ರ್ಯಾಕ್ಟಿಕಲ್ ಐದನೇ ಸೆಮಿಸ್ಟರ್‌ನಲ್ಲಿ. ಕಾಫಿ ನಾಡಿನಿಂದ ಹೋದವಳ ಕೈಗೆ ಚಹಾ ಪುಡಿ ಕೊಟ್ಟರು! ತೂಕಕ್ಕೆ ತೂಕ ನೋಡಿದರೆ ಸಾಮಾನ್ಯವಾಗಿ ಒಣಗಿದ ಚಹಾ ಎಲೆಯಲ್ಲೇ ಕೆಫೀನ್ ಜಾಸ್ತಿ, ನಮ್ಮ ಅರೇಬಿಕಾದಲ್ಲಿ ಕಮ್ಮಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚು. ಲೋಟದಲ್ಲಿ ಲೆಕ್ಕ ತಿರುಗುಮುರುಗು, ಏಕೆಂದರೆ ಕಾಫಿಗೆ ನಾವು ಪುಡಿ ಜಾಸ್ತಿ ಹಾಕುತ್ತೇವೆ. ಬಂದ ಬಿಳಿ ಹರಳಿಗೆ ಪೊಟ್ಯಾಸಿಯಂ ಕ್ಲೋರೇಟ್, ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಒಣಗಿಸಿ, ಅಮೋನಿಯದ ಹಬೆಗೆ ಹಿಡಿದರೆ ನೇರಳೆ ಬಣ್ಣ.

ಆ ಬಣ್ಣ ನೋಡಿದ ಕೂಡಲೇ ನನಗೆ ನಮ್ಮ ಕೊಡಗಿನ ಮದ್ದು ಸೊಪ್ಪಿನ ನೇರಳೆ ಪಾಯಸ ನೆನಪಾಯಿತು. ನಿಮಗೆ ಹೇಳಬೇಕಾಗಿಲ್ಲ, ಆಗಸ್ಟ್ 3ಕ್ಕೆ, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ನಿಮ್ಮ ಮನೆಯಲ್ಲೂ ಮಾಡುತ್ತಾರೆ ಅಲ್ವಾ? ರಜೆಗೆ ಹೋದಾಗ ಸೊಪ್ಪು ಒಣಗಿಸಿ ತಂದು ಲ್ಯಾಬ್ ಮೇಡಂಗೆ ತೋರಿಸಿದೆ. ಹದಿನೆಂಟು ಬಗೆಯ ಮದ್ದು ಇದರಲ್ಲಿ ಸೇರುತ್ತದೆ ಅಂತ ಜಂಬದಿಂದ ಹೇಳಿದೆ. ಅವರು ನಗಲಿಲ್ಲ, ಒಪ್ಪಲೂ ಇಲ್ಲ. ನೀರಿಗೆ ಬಣ್ಣ ಬಿಟ್ಟಿದ್ದು ಕಾಣುತ್ತದೆ, ತಿಂದ ಮೇಲೆ ಮೂತ್ರ ಕೆಂಪಾಗುವುದೂ ನಿಜ, ಆದರೆ ಬಣ್ಣ ಬಂತು ಅಂದ ಮಾತ್ರಕ್ಕೆ ಮದ್ದು ಅಂತ ಆಗುವುದಿಲ್ಲ, ಏನಿದೆ ಎಷ್ಟಿದೆ ಬೇರ್ಪಡಿಸಿ ತೋರಿಸಬೇಕು ಅಂದರು. ಊರಿಗೆ ಬಂದು ಇದನ್ನು ಅಜ್ಜಿಗೆ ಹೇಳಿದೆ. ನಿಮ್ಮ ಮೇಡಂಗೆ ಒಂದು ಲೋಟ ಪಾಯಸ ಕೊಟ್ಟು ಕಳಿಸಬೇಕಿತ್ತು ಅಂದರು. ಇಬ್ಬರ ಮಾತೂ ನನಗೆ ಇಷ್ಟವೇ. ಕೆಲಸದ ಜಾಗದಲ್ಲಿ ಮಾತ್ರ ಮೇಡಂ ಮಾತು.

2018ರ ಆಗಸ್ಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯಿತು, ಮನೆಗೆ ಫೋನ್ ಸಿಗುತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಕೊಡಗಿನವರೆಲ್ಲ ಒಂದೇ ರೂಮಿನಲ್ಲಿ ಕೂರುತ್ತಿದ್ದೆವು. 2020ರಲ್ಲಿ ಕೊರೊನಾ ಬಂದು ಪ್ರ್ಯಾಕ್ಟಿಕಲ್ ಕೂಡ ಮೊಬೈಲ್‌ನಲ್ಲಿ. ನೆಟ್‌ವರ್ಕ್‌ಗಾಗಿ ಛತ್ರಿ ಹಿಡಿದು ತೋಟದ ದಿಬ್ಬ ಹತ್ತಿದ್ದು ನಾನೊಬ್ಬಳೇ ಅಲ್ಲ, ಬಿಡಿ.

ಈಗ ಕೌಂಟರಿನಲ್ಲಿ ಇದೆಲ್ಲ ಏನಕ್ಕೆ ಬರುತ್ತದೆ? ಒಂದು ಉದಾಹರಣೆ ಸಾಕು. ಥೈರಾಯ್ಡ್ ಮಾತ್ರೆ ಬರೆಸಿಕೊಂಡು ಬರುವವರಿಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಅಂತ ಡಾಕ್ಟರ್ ಹೇಳಿಯೇ ಇರುತ್ತಾರೆ. ಆದರೆ ಕೊಡಗಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಕಾಫಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ! ಕಾಫಿಯ ಜೊತೆ ನುಂಗಿದರೆ ಆ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ. ಮಾತ್ರೆ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ ಅಂದರೆ, ಆಸ್ತಿ ಕೇಳಿದ ಹಾಗೆ ನೋಡುತ್ತಾರೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಇನ್ನೂ ಸೂಕ್ಷ್ಮ. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದದ್ದನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾನು ವಾರದ ಯಾವ ದಿನ ಅಂತ ಸ್ಟ್ರಿಪ್ ಮೇಲೆಯೇ ಬರೆದು ಕೊಡುತ್ತೇನೆ.

ಜನರ ಜೊತೆ ಮಾತಾಡುವುದನ್ನು ಕಾಲೇಜು ಅಷ್ಟಾಗಿ ಕಲಿಸಲಿಲ್ಲ. ಪುಸ್ತಕದಲ್ಲಿ ಪೇಷಂಟ್ ಕೌನ್ಸೆಲಿಂಗ್ ಅಂತ ಪಾಠ ಇತ್ತು, ಬರೆದು ಮಾರ್ಕ್ಸ್ ತೆಗೆದುಕೊಂಡೆವು. ಇಲ್ಲಿ ಒಬ್ಬರಿಗೆ ಅರೆಭಾಷೆ, ಒಬ್ಬರಿಗೆ ಕೊಡವ ತಕ್ಕ್, ಇನ್ನೊಬ್ಬರಿಗೆ ಮಲಯಾಳ. ತೋಟದ ಲೈನ್ ಮನೆಯಲ್ಲಿರುವ ಅಸ್ಸಾಂ ಕಡೆಯ ಕೆಲಸದವರಿಗೆ ಹರಕು ಹಿಂದಿ. ಖಾಲಿ ಸ್ಟ್ರಿಪ್ ತಂದು ಇದೇ ಕೊಡಿ ಅನ್ನುವವರೇ ಜಾಸ್ತಿ, ಚೀಟಿ ಇರುವುದಿಲ್ಲ. ಎಚ್1 ಪಟ್ಟಿಯ ಔಷಧಿಯಾದರೆ (ಕೆಲವು ಆ್ಯಂಟಿಬಯಾಟಿಕ್, ನಿದ್ದೆ ಮಾತ್ರೆಯಂಥವು) ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ರೋಗಿಯ ಹೆಸರು, ಡಾಕ್ಟರ್ ಹೆಸರು, ಔಷಧಿ, ಎಷ್ಟು ಕೊಟ್ಟೆವು ಎಲ್ಲ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಪಕ್ಕದ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ ಅಂತ ಬೈದು ಹೋಗುತ್ತಾರೆ. ಹೋಗಲಿ.

ನನ್ನ ಜೊತೆಯವರದ್ದೂ ಹೇಳಿಬಿಡುತ್ತೇನೆ. ಒಬ್ಬಳು ಬೆಂಗಳೂರಿನಲ್ಲಿ ಫಾರ್ಮಕೋವಿಜಿಲೆನ್ಸ್ ಕೆಲಸದಲ್ಲಿದ್ದಾಳೆ, ಔಷಧಿಯಿಂದ ಆಗುವ ಅಡ್ಡ ಪರಿಣಾಮಗಳ ವರದಿ ನೋಡುವುದು. ಫಾರ್ಮಕಾಲಜಿ (ಔಷಧಿ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪಾಠ) ಬಿಟ್ಟು ಉಳಿದದ್ದೆಲ್ಲ ಮರೆತೆ ಅನ್ನುತ್ತಾಳೆ. ಮೆಡಿಕಲ್ ರೆಪ್ ಆದವನಿಗೆ ಕಾಲೇಜೇ ಬೇಡವಿತ್ತು ಅನ್ನಿಸಿದೆ. ಕಂಪನಿಯ ಕ್ವಾಲಿಟಿ ಕಂಟ್ರೋಲ್‌ಗೆ ಹೋದವನು, ಬೈದುಕೊಂಡು ಮಾಡಿದ ಟೈಟ್ರೇಶನ್ನೇ ಅನ್ನ ಕೊಡುತ್ತಿದೆ ಅಂತ ಒಪ್ಪುತ್ತಾನೆ. ಶುರುವಿನ ಸಂಬಳ ಎಲ್ಲರಿಗೂ ಕಮ್ಮಿಯೇ.

ಮುಗಿಸಿದ ಮೇಲೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡಿ, ನೀವು ಬರುವುದೇ ಬೇಡ, ತಿಂಗಳಿಗಿಷ್ಟು ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ನನಗೂ ಒಂದು ಅಂಗಡಿಯವರು ಕೇಳಿದ್ದರು. ಕೊಡಬೇಡಿ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ್ ಚೀಟಿಗೆ ಔಷಧಿ ಕೊಡುವಂತಿಲ್ಲ. ಅಲ್ಲಿ ತಪ್ಪು ಮಾತ್ರೆ ಹೋದರೆ ಗೋಡೆಯ ಮೇಲೆ ತೂಗುವುದು ನಿಮ್ಮ ಹೆಸರು.

ಊರಲ್ಲೇ ಮೆಡಿಕಲ್ ಇಡುವುದಷ್ಟೇ ಆಸೆಯಾದರೆ ಎರಡು ವರ್ಷದ ಡಿ.ಫಾರ್ಮ್ ಡಿಪ್ಲೊಮಾ ಮತ್ತು 500 ಗಂಟೆಯ ತರಬೇತಿಯ ದಾರಿ ಇದೆ, ನೋಂದಣಿಗೆ ಎಕ್ಸಿಟ್ ಪರೀಕ್ಷೆಯ ನಿಯಮವೂ ಬಂದಿದೆ, ವಿಚಾರಿಸಿಕೊಳ್ಳಿ. ಆಮೇಲೆ ಮನಸ್ಸು ಬಂದರೆ ನೇರ ಬಿ.ಫಾರ್ಮ್ ಎರಡನೇ ವರ್ಷಕ್ಕೆ ಸೇರಬಹುದು. ಕಂಪನಿ, ಎಂ.ಫಾರ್ಮ್, ಡ್ರಗ್ಸ್ ಇನ್‌ಸ್ಪೆಕ್ಟರ್ ಇವು ತಲೆಯಲ್ಲಿದ್ದರೆ ಬಿ.ಫಾರ್ಮ್. ಸಿಇಟಿ ಬರೆದಿದ್ದರೆ ಆಪ್ಷನ್ ಎಂಟ್ರಿಗೆ ಮೊದಲು ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ ನೋಡಿ. ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ. ಆಫೀಸಿನಲ್ಲಿ ಕೇಳಬೇಡಿ, ಎರಡನೇ ವರ್ಷದವರನ್ನು ಹಿಡಿದು ಮಾತ್ರೆ ಒತ್ತುವ ಮೆಷಿನ್ ಓಡುತ್ತಾ, ಬೀಗ ಹಾಕಿಟ್ಟಿದ್ದಾರಾ ಅಂತ ಕೇಳಿ.