ನಿವೃತ್ತಿಯಾಯ್ತು, ಸ್ವಯಂಸೇವೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿದ್ದೇನೆ. ಮೈಸೂರಿನ ಕುವೆಂಪುನಗರದಲ್ಲಿ ಮನೆ. ನಾಲ್ಕು ಜನಕ್ಕೆ ಉಪಯೋಗವಾಗುವ ಕೆಲಸ ಮಾಡುವ ಆಸೆ. ಒಂದು ತಂಡದ ಜೊತೆ ಹಣ್ಣು, ಬ್ರೆಡ್ ಹಂಚಲು ಹೋಗಿದ್ದೆ. ಹಂಚಿದ್ದಕ್ಕಿಂತ ಫೋಟೊ ತೆಗೆದಿದ್ದೇ ಜಾಸ್ತಿ. ಯಾವ ಸಂಸ್ಥೆ ಸೇರಲಿ? ಎಷ್ಟು ಹೊತ್ತು ಕೊಡಬೇಕು?

ಉತ್ತರ: ಸಂಸ್ಥೆಯ ಮಾತು ಆಮೇಲಿರಲಿ. ಮೊದಲು ನಿಮಗೆ ಏನು ಬರುತ್ತದೆ ಅಂತ ನೋಡಿಕೊಳ್ಳಿ. ಹಣ್ಣು ಹಂಚಲು ಯಾರಾದರೂ ಸಿಗುತ್ತಾರೆ. ಅರ್ಜಿ ಓದಿ, ತಾಳ್ಮೆಯಿಂದ ತಪ್ಪಿಲ್ಲದೆ ತುಂಬಿಕೊಡುವವರು ಸಿಗುವುದೇ ಕಷ್ಟ.

ನವೆಂಬರ್ ಬಂದರೆ ಪಿಂಚಣಿದಾರರ ಪಾಡು ನಿಮಗೇ ಗೊತ್ತು. ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. ಒರೆಸಿ ಒರೆಸಿ ಹೆಬ್ಬೆಟ್ಟು ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಈಗ ಮೊಬೈಲಿಗೆ ಮುಖ ತೋರಿಸಿಯೇ ಜೀವನ್ ಪ್ರಮಾಣ್, ಅಂದರೆ ಈ ಪ್ರಮಾಣಪತ್ರದ ಡಿಜಿಟಲ್ ರೂಪ, ಮಾಡಿಸಬಹುದು. ಆದರೆ ಒಂಟಿಯಾಗಿರುವ ಹಿರಿಯರಿಗೆ ಅದನ್ನು ಮಾಡಿಕೊಡುವವರು ಯಾರು? ನಿಮ್ಮ ಬಡಾವಣೆಯ ಸಂಘದವರನ್ನು ಕೇಳಿ ನೋಡಿ. ಒಂದು ಮೇಜು, ಎರಡು ಕುರ್ಚಿ, ವಾರಕ್ಕೊಂದು ಬೆಳಿಗ್ಗೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಎಷ್ಟೇ ಪರಿಚಯದವರಾದರೂ ಅವರ ಎಟಿಎಂ ಕಾರ್ಡ್, ಪಿನ್, ದುಡ್ಡು ಮುಟ್ಟಬೇಡಿ. ಒಟಿಪಿ ಬಂದರೆ ಅವರ ಕೈಯಲ್ಲೇ ಒತ್ತಿಸಿ. 'ನೀವೇ ಇಟ್ಕೊಳ್ಳಿ ಮೇಡಂ, ನಂಬಿಕೆ ಇದೆ' ಅನ್ನುವವರೇ ಜಾಸ್ತಿ. ಆ ನಂಬಿಕೆಯೇ ನಾಳೆ ಜಗಳಕ್ಕೆ ದಾರಿ. ಮನೆಯವರು ಯಾರಾದರೂ ಜೊತೆಗಿದ್ದರೆ ಒಳ್ಳೆಯದು.

ಓದುವ ಅಭ್ಯಾಸ ಇದ್ದರೆ ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳಬಹುದು. ಅವರ ಪರವಾಗಿ ಪರೀಕ್ಷೆ ಬರೆಯುವುದು ಬೇರೆ ಮಾತು. ಬರೆಯುವವರ ಓದು ಅಭ್ಯರ್ಥಿಗಿಂತ ಕಡಿಮೆ ಇರಬೇಕು ಎಂಬ ನಿಯಮ ಎಷ್ಟೋ ಪರೀಕ್ಷೆಗಳಲ್ಲಿದೆ, ನಿಮ್ಮ ಡಿಗ್ರಿಯೇ ಅಡ್ಡ ಬರುತ್ತದೆ! ಶಾಲೆಯಾದರೆ ಮುಖ್ಯಶಿಕ್ಷಕರ ಒಪ್ಪಿಗೆ ಪಡೆದೇ ಹೋಗಿ. ಕೆ.ಆರ್. ಆಸ್ಪತ್ರೆಯಂಥ ಕಡೆಯೂ ಅಷ್ಟೇ, ಸುಮ್ನೆ ಒಳಗೆ ಹೋಗಿ ನಿಂತರೆ ಆಗದು. ಮಕ್ಕಳ ಫೋಟೊ ಬೇಡವೇ ಬೇಡ.

ಹೊತ್ತಿನ ಲೆಕ್ಕ ಕೇಳಿದ್ದೀರಿ. ವಾರಕ್ಕೆ ಎರಡು ಗಂಟೆಯಿಂದ ಶುರು ಮಾಡಿ, ದಿನ ಮಾತ್ರ ತಪ್ಪಿಸಬೇಡಿ. ಬುಧವಾರ ಅಂದರೆ ಬುಧವಾರವೇ. ಉತ್ಸಾಹದಲ್ಲಿ ದಿನಾ ಬರುತ್ತೇನೆ ಅಂದವರು ಬಹಳ ಮಂದಿ ಎರಡನೇ ತಿಂಗಳಿಗೆ ನಾಪತ್ತೆ. ದಸರಾಗೆ ಮನೆ ತುಂಬ ನೆಂಟರಿರುತ್ತಾರೆ ಅಲ್ವಾ? ಆ ವಾರ ಇರುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಪಾಪ, ಆಟೊಗೆ ದುಡ್ಡು ಕೊಟ್ಟು ಬಂದವರು ವಾಪಸ್ ಹೋಗುವಂತಾಗಬಾರದು.

ಪಿಂಚಣಿ ಕೆಲಸವೇ ಹಿಡಿಸಿದರೆ ಅಕ್ಟೋಬರಿನಲ್ಲೇ ಶುರು ಮಾಡಿ. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಆ ತಿಂಗಳ 1ರಿಂದಲೇ ಪ್ರಮಾಣಪತ್ರ ಕೊಡಬಹುದು. ಬರುವಾಗ ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಪಾಸ್‌ಬುಕ್ ಮತ್ತು ಮೊಬೈಲ್ ತರಲು ಹೇಳಿ.