ಯೆಹೂದಿಗಳಲ್ಲದವರಿಗೆ ಯೆಹೂದಿ ಧರ್ಮದಲ್ಲಿ ಸದ್ಗತಿ ಇಲ್ಲವೇ?

ಇದೆ, ಅದಕ್ಕೆ ಮತಾಂತರವಾಗಬೇಕಿಲ್ಲ. ದೇವರ ಒಡಂಬಡಿಕೆ ಯೆಹೂದಿಗಳ ಜೊತೆಗಷ್ಟೇ ಅಲ್ಲ. ಜಲಪ್ರಳಯದ ನಂತರ, ಅದರಲ್ಲಿ ಕುಟುಂಬದೊಂದಿಗೆ ಬದುಕುಳಿದ ನೋಹನ ಮೂಲಕ ಇಡೀ ಮನುಕುಲದೊಂದಿಗೂ ಆಗಿದೆ ಎಂಬುದು ಅವರ ನಂಬಿಕೆ. ಯೆಹೂದಿಗಳ ಮೇಲೆ 613 ಆಜ್ಞೆಗಳ ಹೊರೆ, ಉಳಿದವರಿಗೆ ಏಳೇ. ವಿಗ್ರಹಾರಾಧನೆ (ನಮ್ಮಲ್ಲಿ ಹಲವರಿಗೆ ಇದೇ ತೊಡಕು), ದೇವನಿಂದೆ, ಕೊಲೆ, ಹಾದರ, ಕಳವು ಕೂಡದು; ಜೀವಂತ ಪ್ರಾಣಿಯಿಂದ ಕಿತ್ತ ಮಾಂಸ ತಿನ್ನಬಾರದು; ನ್ಯಾಯಾಲಯಗಳಿರಬೇಕು. ಸಿಗಡಿ ತಿಂದರೆ ಯೆಹೂದಿಗೆ ತಪ್ಪು, ನಿಮಗಲ್ಲ.

12ನೇ ಶತಮಾನದ ಪಂಡಿತ ಮೈಮೊನಿಡಿಸ್ ಒಂದು ಷರತ್ತು ಹಾಕಿದ: ಬುದ್ಧಿಗೆ ಸರಿ ಕಂಡಿತೆಂದು ಪಾಲಿಸಿದರೆ ಸಾಲದು, ದೇವರ ಆಜ್ಞೆಯೆಂದು ಒಪ್ಪಿ ಪಾಲಿಸಬೇಕು. ಮತಾಂತರ ಕೇಳಿ ಬಂದವರನ್ನು ರಬ್ಬಿಗಳು, ಅಂದರೆ ಧರ್ಮಗುರುಗಳು, ಮೊದಲು ಹಿಂದಕ್ಕೆ ಕಳಿಸಲು ನೋಡುವುದೂ ಇದರಿಂದಲೇ: ಏಳರಲ್ಲಿ ಮುಗಿಯುವುದಕ್ಕೆ 613 ಯಾಕೆ ಹೊರುತ್ತೀಯ?